ಕಸ್ಟಮರ್ ಕೇರ್‌ಗೆ ಫೋನ್ ಹಚ್ಚೋ ಮುಂಚೆ: ಕೆಟ್ಟ ಸಾಮಾನಿಗೆ ರಿಪೇರಿ, ಬದಲಿ, ರೀಫಂಡ್ ಪಡ್ಕೊಳ್ಳೋದು ಹೇಗೆ

ಫೋನು, ವಾಷಿಂಗ್ ಮಷೀನು, ಇಯರ್‌ಬಡ್ಸು, ರೂಟರ್ರು, ಏನೇ ಕೆಟ್ರೂ ನಮ್ಗೆ ಮೊದ್ಲು ಬರೋದು ಕೋಪ. ಆ ಕೋಪದಲ್ಲೇ ಕಸ್ಟಮರ್ ಕೇರ್‌ಗೆ ಫೋನ್ ಹಚ್ತೀವಿ, ಬಿಲ್ ಎಲ್ಲಿಟ್ಟಿದೀವಿ ಗೊತ್ತಿರಲ್ಲ, ಸೀರಿಯಲ್ ನಂಬರ್ ಕೇಳಿದ್ರೆ ಮಷೀನ್ ಹಿಂದೆ ತಲೆ ತೂರ್ಸಿ ಓದೋಕೆ ಹೋಗ್ತೀವಿ, ಅಷ್ಟರಲ್ಲಿ ಲೈನ್ ಕಟ್ಟಾಗತ್ತೆ, ಮತ್ತೆ ಫೋನ್ ಮಾಡಿದ್ರೆ ಬೇರೆ ಯಾರೋ ಎತ್ತಿ ಮೊದಲಿಂದ ಎಲ್ಲಾ ಕೇಳ್ತಾರೆ. ಹೀಗೇ ಒಂದು ವಾರ ಕಳ್ದು ಕೊನೆಗೆ ಹೋಗ್ಲಿ ಬಿಡು ಅಂತ ಕೈಬಿಟ್ಟೋರು ಎಷ್ಟು ಜನ ಇದಾರೋ. ನ್ಯಾಯವಾಗಿ ಸಿಗ್ಬೇಕಾಗಿದ್ದನ್ನ ಬರೀ ಸುಸ್ತಾಗಿ ಬಿಟ್ಟುಬಿಡೋದಿದ್ಯಲ್ಲ, ಅದು ನನಗೆ ತುಂಬಾ ಬೇಜಾರಿನ ವಿಷ್ಯ, ಅದಕ್ಕೇ ಇದನ್ನ ಬರೀತಿದೀನಿ.

ನಾನು ನೋಡಿರೋ ಮಟ್ಟಿಗೆ ಕಂಪ್ಲೇಂಟ್ ಗೆಲ್ಲೋದು ರೆಕಾರ್ಡ್‌ನಿಂದ. ಯಾರು ಜೋರಾಗಿ ಮಾತಾಡಿದ್ರು ಅನ್ನೋದು ಟಿಕೆಟ್‌ನಲ್ಲಿ, ಅಂದ್ರೆ ನಿಮ್ಮ ದೂರಿಗೆ ಒಂದು ನಂಬರ್ ಕೊಟ್ಟು ಅವರು ಬರ್ದಿಡೋ ದಾಖಲೆಯಲ್ಲಿ, ಬರಲ್ಲ, ಏನು ಕೆಟ್ಟಿದೆ, ಯಾವಾಗಿಂದ, ಯಾರು ಬಂದು ನೋಡಿದ್ರು, ಏನು ಹೇಳಿ ಹೋದ್ರು, ಇಷ್ಟೇ ಬರೋದು. ಅಲ್ಲಿ ಏನು ಬರೀಬೇಕು ಅನ್ನೋದನ್ನ ನೀವು ನಿರ್ಧಾರ ಮಾಡಿದ್ರೆ ಅರ್ಧ ಕೆಲಸ ಆದಂಗೆ.

ಆ ಕಡೆ ಏನು ನಡೀತಿರತ್ತೆ

ಮೊದ್ಲು ಫೋನ್ ಎತ್ತೋರಿಗೆ ಒಂದು ಸ್ಕ್ರಿಪ್ಟ್ ಇರತ್ತೆ. ಆಫ್ ಮಾಡಿ ಆನ್ ಮಾಡಿ, ಬೇರೆ ಕೇಬಲ್ ಹಾಕಿ ನೋಡಿ, ರೀಸೆಟ್ ಮಾಡಿ, ಇವೆಲ್ಲಾ ಅವರು ನಿಮ್ಮನ್ನ ದಡ್ಡರು ಅನ್ಕೊಂಡು ಕೇಳೋದಲ್ಲ, ಆ ಹಂತಗಳಿಗೆ ಟಿಕ್ ಹಾಕದೆ ಟಿಕೆಟ್ ಮುಂದಿನ ಲೆವೆಲ್‌ಗೆ ಹೋಗೋದೇ ಕಷ್ಟ. ಜೊತೆಗೆ ಒಂದು ಕಾಲ್‌ಗೆ ಸರಾಸರಿ ಎಷ್ಟು ಹೊತ್ತು ಹಿಡೀತು ಅಂತ ಲೆಕ್ಕ ಇಡ್ತಾರೆ, ಆವರೇಜ್ ಹ್ಯಾಂಡಲ್ ಟೈಮ್ ಅಂತಾರೆ ಇದಕ್ಕೆ, ಮಾತು ಮುಗಿದ ಮೇಲೆ ನೋಟ್ಸ್ ಟೈಪ್ ಮಾಡೋ ಸಮಯನೂ ಇದರಲ್ಲೇ ಸೇರತ್ತೆ. ಹಾಗಾಗಿ ನೀವು ಇಪ್ಪತ್ತು ನಿಮಿಷ ಕಥೆ ಹೇಳಿದ್ರೆ ಅವರು ಬರಿಯೋದು ಒಂದು ಸಾಲು, ಆ ಒಂದು ಸಾಲು "ಕಸ್ಟಮರ್ ಅಸಮಾಧಾನದಲ್ಲಿದ್ದಾರೆ" ಅಂತ ಇದ್ರೆ ಮುಂದೆ ಓದೋರಿಗೆ ಏನೂ ಗೊತ್ತಾಗಲ್ಲ.

ಇನ್ನೊಂದು, ಅವರ ಕೈಲಿ ಎಲ್ಲಾ ಅಧಿಕಾರ ಇರಲ್ಲ. ಟೆಕ್ನಿಷಿಯನ್ ಕಳ್ಸೋದು, ಟಿಕೆಟ್ ತೆಗಿಯೋದು ಅವರಿಂದ ಆಗತ್ತೆ, ಆದ್ರೆ ಇಡೀ ಸಾಮಾನು ಬದಲಾಯಿಸಿ ಕೊಡೋದು, ದುಡ್ಡು ವಾಪಸ್ ಕೊಡೋದು ಇವೆಲ್ಲಾ ಸಾಮಾನ್ಯವಾಗಿ ಮೇಲಿನವರ ಅಪ್ರೂವಲ್ ಬೇಕು. ಮೇಲಿನವರು ನಿಮ್ಮ ದನಿ ಕೇಳಿರಲ್ಲ, ಟಿಕೆಟ್ ಓದ್ತಾರೆ ಅಷ್ಟೇ. ಇದು ಒಂದ್ಸಲ ತಲೆಗೆ ಹೋದ್ರೆ ಫೋನಲ್ಲಿ ಮಾತಾಡೋ ರೀತಿನೇ ಬದಲಾಗತ್ತೆ. ಆ ಹುಡುಗನೋ ಹುಡುಗಿನೋ ನಿಮ್ಮ ಎದುರಾಳಿ ಅಲ್ಲ, ನಿಮ್ಮ ಪರವಾಗಿ ಅರ್ಜಿ ಬರಿಯೋರು ಅಂತ ತಿಳ್ಕೊಳ್ಳಿ, ಅವರಿಗೆ ಬೇಕಾದ ವಿವರ ಅವರು ಟೈಪ್ ಮಾಡೋ ಸ್ಪೀಡಲ್ಲಿ ಕೊಡಿ. ಮರ್ಯಾದೆಯಿಂದ ಮಾತಾಡಿ, ಅದು ಉಪಾಯ ಅಂತ ಅಲ್ಲ, ದಿನವಿಡೀ ಬೇರೆಯವರ ತಪ್ಪಿಗೆ ಬೈಸ್ಕೊಳ್ಳೋ ಕೆಲಸ ಅದು, ಮಷೀನ್ ಮಾಡಿದ್ದು ಅವರಲ್ಲ.

ಕೊಂಡ ದಿನವೇ ಮಾಡ್ಬೇಕಾದ ಕೆಲಸ

ಬಿಲ್ಲಿಂದ ಶುರು ಮಾಡೋಣ. ಅಂಗಡಿ ಮಷೀನಿಂದ ಬರೋ ನುಣುಪಾದ ಬಿಲ್ ಇದ್ಯಲ್ಲ, ಅದು ಥರ್ಮಲ್ ಪೇಪರ್, ಅದರಲ್ಲಿ ಶಾಯಿ ಇರಲ್ಲ, ಶಾಖಕ್ಕೆ ಕಪ್ಪಾಗೋ ರಾಸಾಯನಿಕ ಲೇಪ ಇರತ್ತೆ, ಹಾಗಾಗಿ ಬಿಸಿಲು, ಬಿಸಿ, ಎಣ್ಣೆ ಕೈ, ಪ್ಲಾಸ್ಟಿಕ್ ಕವರ್ ಇವುಗಳಿಂದ ವಾರಂಟಿ ಮುಗಿಯೋದ್ರೊಳಗೇ ಅಕ್ಷರ ಮಾಸಿ ಹೋಗಬಹುದು. ಜೋಪಾನ ಮಾಡೋಣ ಅಂತ ಲ್ಯಾಮಿನೇಟ್ ಮಾಡ್ಸೋಕೆ ಹೋಗ್ಬೇಡಿ, ಆ ಬಿಸಿಗೆ ಇಡೀ ಕಾಗದ ಕಪ್ಪಾಗತ್ತೆ. ಮನೆಗೆ ಬಂದ ತಕ್ಷಣ ಫೋಟೋ ತೆಗೆದು ನಿಮಗೇ ಒಂದು ಇಮೇಲ್ ಕಳ್ಸ್ಕೊಳ್ಳಿ, ಸಬ್ಜೆಕ್ಟ್‌ನಲ್ಲಿ ಸಾಮಾನಿನ ಹೆಸರು ಮತ್ತು ಬಿಲ್ ಅನ್ನೋ ಪದ ಇರ್ಲಿ, ಆಮೇಲೆ ಹುಡುಕಿದ್ರೆ ಒಂದೇ ಸಲಕ್ಕೆ ಸಿಗತ್ತೆ.

ಅದೇ ಇಮೇಲ್‌ಗೆ ಸೀರಿಯಲ್ ನಂಬರ್ ಸ್ಟಿಕ್ಕರ್ ಫೋಟೋನೂ ಸೇರ್ಸಿ, ಮಷೀನು ಗೋಡೆಗೆ ಒತ್ತಿ ಇಡೋದಕ್ಕೆ ಮುಂಚೆ ತೆಗೀರಿ. ಫೋನ್ ಆದ್ರೆ ಐಎಂಇಐ ನಂಬರ್, ಅಂದ್ರೆ ಒಂದೊಂದು ಫೋನಿಗೂ ಬೇರೆ ಬೇರೆ ಇರೋ ಗುರುತಿನ ನಂಬರ್ ಬೇಕು, *#06# ಅಂತ ಡಯಲ್ ಮಾಡಿದ್ರೆ ಸ್ಕ್ರೀನ್ ಮೇಲೆ ಬರತ್ತೆ, 15 ಅಂಕೆ, ಎರಡು ಸಿಮ್ ಫೋನಿಗೆ ಎರಡು ಐಎಂಇಐ ಇರತ್ತೆ, ಎರಡನ್ನೂ ಇಟ್ಕೊಳ್ಳಿ. ಇದರ ಕೊನೇ ಅಂಕೆ ಉಳಿದ 14 ಅಂಕೆಗಳಿಂದ ಲೆಕ್ಕ ಹಾಕಿ ಬರೋ ಚೆಕ್ ಅಂಕೆ, ಹಾಗಾಗಿ ಫೋನಲ್ಲಿ ಹೇಳುವಾಗ ಒಂದಂಕೆ ತಪ್ಪಿದ್ರೆ ಅವರ ಸಿಸ್ಟಮ್ ಇನ್‌ವ್ಯಾಲಿಡ್ ಅಂತ ತೋರಿಸ್ಬಹುದು, ಆಗ ಗಾಬರಿ ಆಗ್ಬೇಡಿ, ನಿಧಾನಕ್ಕೆ ಇನ್ನೊಂದ್ಸಲ ಓದಿ. ಫೋನ್ ಕಳೆದು ಹೋದ್ರೆ ಡಯಲ್ ಮಾಡಿ ನೋಡೋಕೂ ಆಗಲ್ಲ ಅನ್ನೋದು ನೆನಪಿರ್ಲಿ, ಅದಕ್ಕೇ ಮೊದಲ ದಿನವೇ ಮಾಡಿ ಅಂತ ಹೇಳ್ತಿರೋದು. ಆನ್‌ಲೈನಲ್ಲಿ ತರ್ಸಿದ ಸ್ವಲ್ಪ ದುಬಾರಿ ಸಾಮಾನಾದ್ರೆ ಪಾರ್ಸೆಲ್ ಬಿಚ್ಚೋವಾಗ ವಿಡಿಯೋ ಮಾಡಿ, ವಿಳಾಸದ ಲೇಬಲ್ಲು, ಸೀಲು, ಒಳಗಿನ ಸಾಮಾನು ಮೂರೂ ನಡುವೆ ಕಟ್ ಮಾಡ್ದೆ ಒಂದೇ ವಿಡಿಯೋದಲ್ಲಿ ಕಾಣ್ಬೇಕು.

ವಾರಂಟಿ ಕಾರ್ಡಲ್ಲಿ ಏನು ಓದ್ಬೇಕು

ಎಷ್ಟು ವರ್ಷ ಅನ್ನೋದನ್ನ ಎಲ್ಲರೂ ಓದ್ತಾರೆ, ಏನೇನಕ್ಕೆ ಇಲ್ಲ ಅನ್ನೋ ಸಣ್ಣ ಅಕ್ಷರದ ಭಾಗನೇ ಮುಖ್ಯ. ಹತ್ತು ವರ್ಷ ಅಂತ ದೊಡ್ಡದಾಗಿ ಬರ್ದಿರತ್ತೆ, ಓದಿ ನೋಡಿದ್ರೆ ಮೋಟರ್‌ಗೆ ಅಥವಾ ಕಂಪ್ರೆಸರ್‌ಗೆ ಮಾತ್ರ, ಉಳಿದ ಇಡೀ ಮಷೀನಿಗೆ ಅದಕ್ಕಿಂತ ಎಷ್ಟೋ ಕಡಿಮೆ.

ನೀರಿನ ವಿಷ್ಯ ತುಂಬಾ ಜನರಿಗೆ ಮೋಸ ಆದಂಗೆ ಅನ್ಸೋ ಜಾಗ. ಧೂಳು, ನೀರು ಎಷ್ಟು ತಡಿಯತ್ತೆ ಅಂತ ಹೇಳೋ ಐಪಿ ರೇಟಿಂಗ್ ಇರತ್ತೆ, ಫೋನಿಗೆ ಐಪಿ67 ಅಂತ ಇದ್ರೆ ಒಂದು ಮೀಟರ್ ಆಳದ ನೀರಲ್ಲಿ 30 ನಿಮಿಷದ ಲ್ಯಾಬ್ ಪರೀಕ್ಷೆ ಪಾಸಾಗಿದೆ ಅಂತ ಅರ್ಥ, ಐಪಿ68 ಅಂದ್ರೆ ಅದಕ್ಕಿಂತ ಜಾಸ್ತಿ, ಎಷ್ಟು ಆಳ ಎಷ್ಟು ಹೊತ್ತು ಅಂತ ಕಂಪನಿನೇ ಹೇಳ್ಬೇಕು. ಪರೀಕ್ಷೆ ನಡೆಯೋದು ಹೊಸ ಫೋನಿನ ಮೇಲೆ, ಸಾದಾ ನೀರಲ್ಲಿ. ಬಳಸ್ತಾ ಬಳಸ್ತಾ ಒಳಗಿನ ಗ್ಯಾಸ್ಕೆಟ್ಟು, ಅಂಟು ಸಡಿಲ ಆಗ್ತವೆ, ಸಮುದ್ರದ ಉಪ್ಪು ನೀರು, ಸೋಪಿನ ನೀರು ಬೇರೆನೇ ಕಥೆ. ಜಾಹೀರಾತಲ್ಲಿ ನೀರಿಗೆ ಹಾಕಿ ತೋರಿಸಿದ್ರೂ ನೀರಿನಿಂದಾದ ಹಾನಿ ವಾರಂಟಿಯಲ್ಲಿ ಬರಲ್ಲ ಅಂತ ಸಾಕಷ್ಟು ಕಂಪನಿಗಳ ಷರತ್ತಲ್ಲಿ ಇರತ್ತೆ, ಆಪಲ್‌ನ ಒಂದು ವರ್ಷದ ವಾರಂಟಿನೂ ಹಾಗೇ. ಫೋನ್ ಒಳಗೆ ನೀರು ತಾಗಿದ್ರೆ ಬಿಳಿಯಿಂದ ಕೆಂಪಾಗೋ ಸಣ್ಣ ಸ್ಟಿಕ್ಕರ್ ಇರತ್ತೆ, ಕೆಲವು ಫೋನಲ್ಲಿ ಸಿಮ್ ಟ್ರೇ ತೆಗೆದು ಟಾರ್ಚ್ ಬಿಟ್ರೆ ಕಾಣತ್ತೆ. ಸರ್ವಿಸ್ ಸೆಂಟರ್‌ಗೆ ಕೊಡೋ ಮುಂಚೆ ನೀವೇ ಅದನ್ನ ನೋಡಿ, ಬಿಳಿ ಇದ್ರೆ ಫೋಟೋ ತೆಗ್ದಿಟ್ಕೊಳ್ಳಿ, ಆಮೇಲೆ ವಾಟರ್ ಡ್ಯಾಮೇಜ್ ಅಂತ ಅವರು ಹೇಳಿದ್ರೆ ನಿಮ್ಮ ಹತ್ರ ತೋರ್ಸೋಕೆ ಏನಾದ್ರೂ ಇರತ್ತೆ.

ಬ್ಯಾಟರಿ ಸವೆಯೋ ಭಾಗ. ಐಫೋನ್ 14 ಮತ್ತು ಅದಕ್ಕಿಂತ ಹಳೇ ಮಾಡೆಲ್‌ಗಳಲ್ಲಿ 500 ಪೂರ್ತಿ ಚಾರ್ಜ್ ಸೈಕಲ್ ಆದಾಗ ಮೂಲ ಸಾಮರ್ಥ್ಯದ 80 ಪರ್ಸೆಂಟ್ ಉಳಿಯೋ ಹಾಗೆ, ಐಫೋನ್ 15ರಲ್ಲಿ 1000 ಸೈಕಲ್‌ಗೆ ಅಷ್ಟು ಉಳಿಯೋ ಹಾಗೆ ವಿನ್ಯಾಸ ಮಾಡಿದೀವಿ ಅಂತ ಆಪಲ್ ಹೇಳಿದೆ. ಸೈಕಲ್ ಅಂದ್ರೆ ಒಂದು ಸಲ ಪ್ಲಗ್ ಹಾಕಿದ್ದಲ್ಲ, ಒಟ್ಟು 100 ಪರ್ಸೆಂಟ್‌ನಷ್ಟು ಖರ್ಚಾಗಿದ್ದು, ಇವತ್ತು 60 ನಾಳೆ 40 ಸೇರಿ ಒಂದು. ಮಾಮೂಲಿ ಸವೆತಕ್ಕೆ ವಾರಂಟಿ ಸಿಗಲ್ಲ, ಆದ್ರೆ ವಾರಂಟಿ ಅವಧಿಯಲ್ಲೇ ಕಂಪನಿ ಹೇಳಿದ ಮಟ್ಟಕ್ಕಿಂತ ಕೆಳಗಿಳಿದಿದ್ರೆ ಸಿಗಬಹುದು, ಹಾಗಾಗಿ ಬರೀ "ಬ್ಯಾಟರಿ ಬೇಗ ಖಾಲಿ ಆಗತ್ತೆ" ಅನ್ಬೇಡಿ, ಸೆಟ್ಟಿಂಗ್ಸಲ್ಲಿ ತೋರ್ಸೋ ಬ್ಯಾಟರಿ ಹೆಲ್ತ್ ಪರ್ಸೆಂಟು, ಸೈಕಲ್ ಕೌಂಟು ಸ್ಕ್ರೀನ್‌ಶಾಟ್ ತೆಗೆದು ಅದನ್ನ ಹೇಳಿ. ಬ್ಯಾಟರಿ ಉಬ್ಬಿದ್ರೆ ಮಾತ್ರ ಇದ್ಯಾವುದೂ ಲೆಕ್ಕಕ್ಕಿಲ್ಲ, ಚಾರ್ಜ್ ಹಾಕ್ಬೇಡಿ, ಒತ್ತಬೇಡಿ, ಚುಚ್ಚಬೇಡಿ, ಮಾತಿನ ಮೊದಲ ವಾಕ್ಯದಲ್ಲೇ "ಬ್ಯಾಟರಿ ಉಬ್ಬಿದೆ, ಇದು ಸೇಫ್ಟಿ ವಿಷ್ಯ" ಅಂತ ಹೇಳಿ. 2016ರಲ್ಲಿ ಸ್ಯಾಮ್ಸಂಗ್‌ನ ಗ್ಯಾಲಕ್ಸಿ ನೋಟ್ 7 ಫೋನ್ ಆಗಸ್ಟಲ್ಲಿ ಬಂತು, ಬ್ಯಾಟರಿ ಬೆಂಕಿ ಹತ್ತುತ್ತೆ ಅಂತ ಸೆಪ್ಟೆಂಬರಲ್ಲಿ ರೀಕಾಲ್ ಆಯ್ತು, ಅಂದ್ರೆ ಮಾರಿದ್ದನ್ನ ಕಂಪನಿನೇ ವಾಪಸ್ ಕರೆಸ್ಕೊಳ್ತು, ಬದಲಿ ಕೊಟ್ಟ ಫೋನುಗಳೂ ಬೆಂಕಿ ಹತ್ತಿದ ಮೇಲೆ ಅಕ್ಟೋಬರಲ್ಲಿ ತಯಾರಿಕೆನೇ ನಿಂತೋಯ್ತು. ಅದಾದ ಮೇಲೆ ಸೇಫ್ಟಿ ದೂರನ್ನ ಯಾವ ಕಂಪನಿನೂ ಹಗುರವಾಗಿ ತಗೊಳ್ಳೋ ಹಾಗಿಲ್ಲ. ಹಾಗಂತ ಇಲ್ಲದ ಹೊಗೆ ಇದೆ ಅಂತ ಸುಳ್ಳು ಹೇಳ್ಬೇಡಿ, ಅದು ನಿಜವಾಗಿ ಅಪಾಯದಲ್ಲಿರೋರ ಜಾಗ.

ಇನ್ನು ಸ್ಕ್ರೂ ಮೇಲೆ ಅಂಟಿಸಿರೋ "ಕಿತ್ರೆ ವಾರಂಟಿ ಇಲ್ಲ" ಸ್ಟಿಕ್ಕರ್. ಅಮೆರಿಕದಲ್ಲಿ 1975ರ ಮ್ಯಾಗ್ನಸನ್-ಮಾಸ್ ಕಾಯ್ದೆ ಪ್ರಕಾರ ನಮ್ಮ ಹತ್ರನೇ ಸರ್ವಿಸ್ ಮಾಡ್ಸಿದ್ರೆ ಮಾತ್ರ ವಾರಂಟಿ ಅಂತ ಕಟ್ಟುಪಾಡು ಹಾಕೋ ಹಾಗಿಲ್ಲ, 2018ರಲ್ಲಿ ಅಲ್ಲಿ ಗ್ರಾಹಕರ ಹಿತ ನೋಡೋ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಇಂಥ ಮಾತು ಬಳಸ್ತಿದ್ದ ಆರು ಕಂಪನಿಗಳಿಗೆ ಎಚ್ಚರಿಕೆ ಪತ್ರನೂ ಕಳ್ಸಿತ್ತು. ಯುರೋಪಿಯನ್ ಯೂನಿಯನ್‌ನಲ್ಲಿ ಹೊಸ ಸಾಮಾನಿಗೆ ಮಾರಿದವರೇ ಕನಿಷ್ಠ ಎರಡು ವರ್ಷ ಹೊಣೆ, ಕಂಪನಿ ವಾರಂಟಿ ಎಷ್ಟೇ ಇರ್ಲಿ. ಇದನ್ನ ಯಾಕೆ ಹೇಳ್ದೆ ಅಂದ್ರೆ ಕಾರ್ಡಲ್ಲಿ ಕಂಪನಿ ಬರ್ದಿರೋದೇ ಕೊನೇ ಮಾತಲ್ಲ, ಅದರ ಮೇಲೆ ಕಾನೂನು ಕೊಡೋ ಹಕ್ಕು ಬೇರೆ ಇರತ್ತೆ, ನೀವಿರೋ ಕಡೆ ಏನಿದೆ ಅಂತ ಒಂದ್ಸಲ ಓದಿಟ್ಕೊಳ್ಳಿ, ದೊಡ್ಡ ಮೊತ್ತದ ಸಾಮಾನಾದ್ರೆ ಖಂಡಿತಾ ಓದಿ.

ತೊಂದರೆಯನ್ನ ಹಿಡಿದಿಡೋದು

ಪೂರ್ತಿ ಕೆಟ್ಟು ನಿಂತ ಮಷೀನ್ ಪುಣ್ಯದ್ದು, ಎಲ್ಲರಿಗೂ ಕಾಣತ್ತೆ. ಬಿಟ್ಟು ಬಿಟ್ಟು ಬರೋ ತೊಂದರೆನೇ ಕಷ್ಟ. ನಮ್ಮನೆ ವಾಷಿಂಗ್ ಮಷೀನು ಸ್ಪಿನ್ ಆಗೋವಾಗ ಒಂದೊಂದ್ಸಲ ದಡಾರ್ ಅಂತ ನಿಲ್ತಿತ್ತು, ಟೆಕ್ನಿಷಿಯನ್ ಬಂದಾಗ ಮಾತ್ರ ಚೆನ್ನಾಗಿ ಓಡ್ತಿತ್ತು, ಅವರು "ತೊಂದರೆ ಕಂಡುಬಂದಿಲ್ಲ" ಅಂತ ಬರ್ದು ಹೋಗೋರು. ಕೊನೆಗೆ ಕೆಲಸ ಮಾಡ್ಸಿದ್ದು ವಿಡಿಯೋ. ಡಿಸ್ಪ್ಲೇ ಮೇಲೆ ಬರೋ ಎರರ್ ಕೋಡು, ಉಳಿದ ನಿಮಿಷ, ಶಬ್ದ ಎಲ್ಲಾ ಬರೋ ಹಾಗೆ ತೆಗೆದಿದ್ದನ್ನ ಟಿಕೆಟ್‌ಗೆ ಸೇರ್ಸಿದ ಮೇಲೆ ಮುಂದಿನ ಸಲ ಬಂದವರು ಪಾರ್ಟ್ ಹಿಡ್ಕೊಂಡೇ ಬಂದ್ರು.

ಹಾಗಾಗಿ ತೊಂದರೆ ಬಂದಾಗೆಲ್ಲಾ ತಾರೀಕು, ಸಮಯ, ಆಗ ಏನು ಮಾಡ್ತಿದ್ರಿ ಅನ್ನೋದನ್ನ ಫೋನಿನ ನೋಟ್ಸಲ್ಲಿ ಒಂದು ಸಾಲು ಬರ್ಕೊಳ್ಳಿ. ಇಂಟರ್ನೆಟ್ ನಿಧಾನ ಅಂದ್ರೆ ಯಾರೂ ಕೇಳಲ್ಲ, ರೂಟರ್‌ಗೆ ನೇರ ಕೇಬಲ್ ಹಾಕಿ ಬೇರೆ ಬೇರೆ ಹೊತ್ತಲ್ಲಿ ಸ್ಪೀಡ್ ಟೆಸ್ಟ್ ಮಾಡಿ ಸ್ಕ್ರೀನ್‌ಶಾಟ್ ಇಟ್ರೆ ಕೇಳ್ತಾರೆ, ಕೇಬಲ್ ಯಾಕೆ ಅಂದ್ರೆ ವೈಫೈ ಮೇಲೆ ಟೆಸ್ಟ್ ಮಾಡಿದ್ರೆ ಗೋಡೆ ಅಡ್ಡ ಇದೆ ಅಂತ ಅಲ್ಲಿಗೇ ಮುಗಿಸ್ತಾರೆ. ಸ್ಪೀಡ್ ನೋಡೋವಾಗ ಇನ್ನೊಂದು ಗಮನಿಸಿ, ಪ್ಲಾನಲ್ಲಿ ಹೇಳೋದು ಮೆಗಾಬಿಟ್, ಡೌನ್‌ಲೋಡ್ ಆಗೋವಾಗ ಕಂಪ್ಯೂಟರ್ ತೋರ್ಸೋದು ಎಷ್ಟೋ ಸಲ ಮೆಗಾಬೈಟ್, 8 ಬಿಟ್‌ಗೆ ಒಂದು ಬೈಟ್, ಹಾಗಾಗಿ 100 ಮೆಗಾಬಿಟ್ ಲೈನಲ್ಲಿ ಸೆಕೆಂಡಿಗೆ ಸುಮಾರು 12 ಮೆಗಾಬೈಟ್ ಬಂದ್ರೆ ಲೈನ್ ಸರಿಯಾಗೇ ಇದೆ.

ಲೆಕ್ಕ ಇಟ್ರೆ ಏನಾಗತ್ತೆ ಅನ್ನೋದಕ್ಕೆ ದೊಡ್ಡ ಉದಾಹರಣೆ 2017ರದ್ದು. ಹಳೇ ಐಫೋನ್ ನಿಧಾನ ಆಗ್ತಿದೆ ಅಂತ ಜನ ವರ್ಷಗಟ್ಟಲೆ ಗೊಣಗ್ತಿದ್ರು, ಅನುಮಾನ ಅಷ್ಟೇ ಅಂತ ತಳ್ಳಿ ಹಾಕೋರೇ ಜಾಸ್ತಿ. ಆ ಡಿಸೆಂಬರಲ್ಲಿ ಬ್ಯಾಟರಿ ಬದಲಾಯ್ಸಿದ ಮೇಲೆ ಫೋನ್ ಮತ್ತೆ ಚುರುಕಾಯ್ತು ಅಂತ ಒಬ್ಬ ಬಳಕೆದಾರ ಅಳತೆ ಸಮೇತ ಹಾಕಿದ್ರು, ಫೋನಿನ ವೇಗ ಅಳೆಯೋ ಬೆಂಚ್‌ಮಾರ್ಕ್ ಆಪ್ ಮಾಡೋ ಪ್ರೈಮೇಟ್ ಲ್ಯಾಬ್ಸ್ ಕಂಪನಿಯವರು ತಮ್ಮ ಹತ್ರ ಇದ್ದ ಅಂಕಿಅಂಶದಿಂದ ಗ್ರಾಫ್ ಹಾಕಿದ್ರು, ಕೆಲವೇ ದಿನದಲ್ಲಿ ಆಪಲ್ ಹೌದು, ಬ್ಯಾಟರಿ ಹಳೇದಾದಾಗ ಫೋನ್ ತಟ್ಟಂತ ಆಫ್ ಆಗದೆ ಇರ್ಲಿ ಅಂತ ವೇಗ ತಗ್ಗಿಸ್ತೀವಿ ಅಂತ ಒಪ್ಕೊಳ್ತು, ಕ್ಷಮೆ ಕೇಳ್ತು, ಬ್ಯಾಟರಿ ಬೆಲೆನೂ ಇಳಿಸ್ತು. ಗೊಣಗಾಟ ಮಾಡ್ಲಾಗದ್ದನ್ನ ಒಂದು ಗ್ರಾಫ್ ಮಾಡ್ತು.

ನಂಬರ್ ಎಲ್ಲಿಂದ ತಗೋಬೇಕು

ಇದನ್ನ ದಯವಿಟ್ಟು ಮನೇಲಿರೋ ದೊಡ್ಡವರಿಗೂ ಹೇಳಿ. ಕಸ್ಟಮರ್ ಕೇರ್ ನಂಬರ್ ಅಂತ ಸರ್ಚ್ ಮಾಡಿ ಮೇಲೆ ಬಂದ ನಂಬರ್‌ಗೆ ಫೋನ್ ಹಚ್ಚಬೇಡಿ. ಮೋಸಗಾರರು ಜಾಹೀರಾತು ಕೊಟ್ಟೋ, ಮ್ಯಾಪಲ್ಲಿ ನಂಬರ್ ತಿದ್ದೋ ತಮ್ಮ ನಂಬರ್ ಮುಂದೆ ಬರೋ ಹಾಗೆ ಮಾಡಿರ್ತಾರೆ. ಬಾಕ್ಸು, ಬಿಲ್ಲು, ವಾರಂಟಿ ಕಾರ್ಡು, ಕಂಪನಿ ಆಪ್ ಒಳಗಿನ ಹೆಲ್ಪ್ ಭಾಗ, ನೀವೇ ವಿಳಾಸ ಟೈಪ್ ಮಾಡಿ ಹೋದ ವೆಬ್‌ಸೈಟು, ಇಷ್ಟರಿಂದ ಮಾತ್ರ ನಂಬರ್ ತಗೊಳ್ಳಿ. ರೀಫಂಡ್ ಕೊಡೋಕೆ ಒಟಿಪಿ ಬೇಕು, ಪಿನ್ ಹಾಕಿ, ಸ್ಕ್ರೀನ್ ಶೇರ್ ಮಾಡೋ ಆಪ್ ಹಾಕ್ಕೊಳ್ಳಿ ಅಂದ್ರೆ ಮಾತಾಡದೆ ಕಟ್ ಮಾಡಿ, ದುಡ್ಡು ಬರೋದಕ್ಕೆ ಪಿನ್ ಬೇಕಾಗಲ್ಲ. ಸೋಷಿಯಲ್ ಮೀಡಿಯಾದಲ್ಲಿ ದೂರು ಹಾಕಿದ್ರೆ ಎರಡೇ ನಿಮಿಷಕ್ಕೆ ಕಂಪನಿ ಲೋಗೋ ಹಾಕ್ಕೊಂಡು ಬಂದು ಫೋನ್ ನಂಬರ್ ಕೇಳೋ ಅಕೌಂಟ್‌ಗಳೂ ಇದೇ ಜಾತಿ, ಹೆಸರಿನ ಸ್ಪೆಲಿಂಗು, ಅಕೌಂಟ್ ಯಾವಾಗ ಶುರು ಆಗಿದ್ದು ನೋಡಿ.

ಫೋನಲ್ಲಿ ಏನು ಹೇಳ್ಬೇಕು

ಮೊದಲ ಅರ್ಧ ನಿಮಿಷದಲ್ಲಿ ನಾಲ್ಕು ವಿಷ್ಯ: ಸಾಮಾನು ಯಾವುದು, ಯಾವಾಗ ಕೊಂಡಿದ್ದು, ಏನು ಆಗ್ತಿದೆ, ನಿಮಗೆ ಏನು ಬೇಕು. ಕೊನೇದನ್ನ ಎಲ್ಲರೂ ಮರೀತಾರೆ. ತೊಂದರೆ ಎಲ್ಲಾ ಹೇಳಿ "ಏನಾದ್ರೂ ಮಾಡಿ" ಅಂದ್ರೆ ಅವರು ತಮಗೆ ಸುಲಭವಾಗಿದ್ದನ್ನ ಮಾಡ್ತಾರೆ. "ಎರಡು ಸಲ ರಿಪೇರಿ ಆಗಿದೆ, ಅದೇ ತೊಂದರೆ ಮತ್ತೆ ಬಂದಿದೆ, ನನಗೆ ಬದಲಿ ಬೇಕು" ಅಂತ ನೇರವಾಗಿ ಹೇಳಿ. ರೀಸೆಟ್ ಇತ್ಯಾದಿ ಫೋನ್ ಮಾಡೋ ಮುಂಚೆನೇ ಮಾಡಿ ಮುಗ್ಸಿ, "ರೀಸೆಟ್ ಮಾಡ್ದೆ, ಬೇರೆ ಸಾಕೆಟ್‌ನಲ್ಲಿ ನೋಡ್ದೆ, ಬೇರೆ ಕೇಬಲ್ ಹಾಕ್ದೆ" ಅಂತ ಒಂದೇ ಉಸಿರಲ್ಲಿ ಹೇಳಿದ್ರೆ ಸ್ಕ್ರಿಪ್ಟಿನ ಅರ್ಧ ಅಲ್ಲೇ ಮುಗಿಯತ್ತೆ, ಆದ್ರೂ ಇನ್ನೊಂದ್ಸಲ ಮಾಡಿ ಅಂದ್ರೆ ಮಾಡಿ, ಜಗಳಕ್ಕಿಂತ ಅದು ಬೇಗ.

ಮಾತು ಮುಗಿಯೋ ಮುಂಚೆ ಕೇಳ್ಬೇಕಾಗಿದ್ದು: ಟಿಕೆಟ್ ನಂಬರ್, ಅವರ ಹೆಸರು, ಮುಂದೆ ಏನಾಗತ್ತೆ, ಯಾವ ತಾರೀಕೊಳಗೆ. "ಬೇಗ ಮಾಡ್ತೀವಿ" ಅನ್ನೋದು ತಾರೀಕಲ್ಲ. ಆಮೇಲೆ ನನಗೆ ತುಂಬಾ ಉಪಯೋಗಕ್ಕೆ ಬಂದ ಒಂದು ಪ್ರಶ್ನೆ ಇದೆ, "ಟಿಕೆಟ್‌ನಲ್ಲಿ ನೀವು ಏನು ಬರ್ದಿದೀರ, ಒಂದ್ಸಲ ಓದಿ ಹೇಳ್ತೀರಾ" ಅಂತ ಕೇಳಿ. ತುಂಬಾ ಜನ ಓದ್ತಾರೆ, ಓದಿದಾಗ ತಪ್ಪಿದ್ರೆ ಅಲ್ಲೇ ತಿದ್ದಿಸ್ಬಹುದು. ಮೇಲಿನವರ ಹತ್ರ ಮಾತಾಡ್ಬೇಕು ಅಂದ್ರೆ "ನಿಮ್ಮ ತಪ್ಪಲ್ಲ ಇದು, ಆದ್ರೆ ಇದನ್ನ ಅಪ್ರೂವ್ ಮಾಡೋ ಅಧಿಕಾರ ಇರೋರಿಗೆ ಎಸ್ಕಲೇಟ್ ಮಾಡಿ" ಅನ್ನಿ.

ತಿಂಗಳ ಚಂದಾ ಇರೋ ಸೇವೆ ಆದ್ರೆ ಒಂದು ಸಣ್ಣ ವಿಷ್ಯ, ಮೆನುವಲ್ಲಿ ಸೇವೆ ನಿಲ್ಲಿಸೋಕೆ ಅಂತ ಇರೋ ಆಯ್ಕೆ ಒತ್ತಿದ್ರೆ ಸಾಮಾನ್ಯವಾಗಿ ಗ್ರಾಹಕರನ್ನ ಉಳಿಸ್ಕೊಳ್ಳೋ ಟೀಮ್‌ಗೆ ಹೋಗತ್ತೆ, ಅವರಿಗೆ ರಿಯಾಯ್ತಿ ಕೊಡೋ ಅಧಿಕಾರ ಜಾಸ್ತಿ ಇರತ್ತೆ. ನಿಜವಾಗಿ ಬಿಡೋಕೆ ರೆಡಿ ಇದ್ರೆ ಮಾತ್ರ ಅಲ್ಲಿಗೆ ಹೋಗಿ.

ಚಾಟ್‌ಬಾಟ್ ಜೊತೆ ಮಾತಾಡಿದ್ರೆ ಎಲ್ಲಾ ಸ್ಕ್ರೀನ್‌ಶಾಟ್ ತೆಗೀರಿ, ಕಿಟಕಿ ಮುಚ್ಚಿದ ಮೇಲೆ ಆ ಮಾತುಕತೆ ನಿಮಗೆ ಸಿಗದೆ ಹೋಗಬಹುದು. ಏರ್ ಕೆನಡಾ ಅನ್ನೋ ವಿಮಾನ ಕಂಪನಿ ವೆಬ್‌ಸೈಟಿನ ಚಾಟ್‌ಬಾಟ್ ಒಬ್ಬ ಪ್ರಯಾಣಿಕರಿಗೆ, ಮನೆಯವರು ತೀರಿಹೋದಾಗ ಕೊಡೋ ರಿಯಾಯ್ತಿ ದರವನ್ನ ಪ್ರಯಾಣ ಆದ ಮೇಲೂ ಕೇಳ್ಬಹುದು ಅಂತ ತಪ್ಪು ಹೇಳಿತ್ತು, ಆಮೇಲೆ ಕಂಪನಿ ಕೊಡಲ್ಲ ಅಂತು, ಚಾಟ್‌ಬಾಟ್ ಹೇಳಿದ್ದಕ್ಕೆ ನಾವು ಹೊಣೆ ಅಲ್ಲ ಅನ್ನೋ ಅರ್ಥದ ವಾದನೂ ಮಾಡ್ತು. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಟ್ರಿಬ್ಯುನಲ್ 2024ರ ಫೆಬ್ರವರಿಯಲ್ಲಿ ಆ ವಾದ ಒಪ್ಪದೆ ಪರಿಹಾರ ಕೊಡ್ಸಿತು. ಆ ಪ್ರಯಾಣಿಕರ ಹತ್ರ ಚಾಟಿನ ಸ್ಕ್ರೀನ್‌ಶಾಟ್ ಇತ್ತು.

ಬರೆದು ಕಳ್ಸೋದು

ಫೋನ್ ಆದ ಮೇಲೆ ಅದೇ ದಿನ ಒಂದು ಇಮೇಲ್ ಹಾಕಿ, ನಾನು ಇದನ್ನ ಬಿಡೋದೇ ಇಲ್ಲ. ಉದ್ದ ಬೇಡ, ಹೀಗಿದ್ರೆ ಸಾಕು:

"ಟಿಕೆಟ್ ನಂಬರ್ ಇಂಥದ್ದು. ವಾಷಿಂಗ್ ಮಷೀನ್, ಮಾಡೆಲ್ ಇದು, ಸೀರಿಯಲ್ ನಂಬರ್ ಇದು, ಇಂಥ ತಾರೀಕು ಕೊಂಡಿದ್ದು, ಬಿಲ್ ಲಗತ್ತಿಸಿದ್ದೇನೆ. ಸ್ಪಿನ್ ಆಗುವಾಗ ನಿಂತು ಈ ಎರರ್ ಕೋಡ್ ಬರುತ್ತಿದೆ, ವಿಡಿಯೋ ಲಗತ್ತಿಸಿದ್ದೇನೆ. ಇಂಥ ತಾರೀಕು ಟೆಕ್ನಿಷಿಯನ್ ಬಂದು ಈ ಪಾರ್ಟ್ ಬದಲಾಯಿಸಿದರು, ಇಂಥ ತಾರೀಕು ಅದೇ ತೊಂದರೆ ಮತ್ತೆ ಬಂದಿದೆ. ಇಂದು ಫೋನಿನಲ್ಲಿ ನಿಮ್ಮ ಪ್ರತಿನಿಧಿ ಇಂಥ ದಿನದೊಳಗೆ ಉತ್ತರ ಕೊಡುವುದಾಗಿ ಹೇಳಿದ್ದಾರೆ. ನನ್ನ ಕೋರಿಕೆ: ಮಷೀನ್ ಬದಲಾಯಿಸಿ ಕೊಡಿ. ಆಗದಿದ್ದರೆ ಕಾರಣವನ್ನು ಬರಹದಲ್ಲಿ ತಿಳಿಸಿ."

ಆ ಕೊನೇ ವಾಕ್ಯಕ್ಕೆ ಬೆಲೆ ಇದೆ. ಬಾಯಲ್ಲಿ ಆಗಲ್ಲ ಅನ್ನೋದು ಸುಲಭ, ಯಾಕೆ ಆಗಲ್ಲ ಅಂತ ಬರ್ದು ಕೊಡ್ಬೇಕಾದ್ರೆ ಯಾರಾದ್ರೂ ಒಬ್ಬರು ನಿಜವಾಗ್ಲೂ ಷರತ್ತು ತೆಗೆದು ಓದ್ಬೇಕಾಗತ್ತೆ. ಬೈಗುಳ, ಕೋರ್ಟಿಗೆ ಹಾಕ್ತೀನಿ ಅನ್ನೋ ಬೆದರಿಕೆ ಬೇಡ, ಕೋರ್ಟು ಅನ್ನೋ ಪದ ಬಂದ ಕೂಡ್ಲೇ ಕೆಲವು ಕಂಪನಿಗಳಲ್ಲಿ ಫೈಲ್ ಲೀಗಲ್ ಟೀಮ್‌ಗೆ ಹೋಗಿ ಕಸ್ಟಮರ್ ಕೇರ್‌ನವರು ಮಾತಾಡೋದೇ ನಿಲ್ಲಿಸ್ತಾರೆ.

ಉತ್ತರನೇ ಬರದೆ ಟಿಕೆಟ್ ಕ್ಲೋಸ್ ಆಗಿದೆ ಅಂತ ಮೆಸೇಜ್ ಬಂದ್ರೆ ಸುಮ್ನಿರ್ಬೇಡಿ, ಅದೇ ಟಿಕೆಟ್ ರೀಓಪನ್ ಮಾಡ್ಸಿ. ಹೊಸದೇ ತೆಗೀತೀವಿ ಅಂದ್ರೆ ಹಳೇ ನಂಬರ್ ಅದರಲ್ಲಿ ಬರ್ಸಿ, ಇಲ್ದಿದ್ರೆ ನೀವು ಕಾದ ದಿನಗಳೆಲ್ಲಾ ಲೆಕ್ಕಕ್ಕೆ ಬರಲ್ಲ, ಇವತ್ತು ಮೊದಲ ಸಲ ದೂರು ಕೊಟ್ಟವರ ಥರ ಸಾಲಿನ ಕೊನೆಗೆ ಹೋಗ್ತೀರಿ.

ಸಾಮಾನು ರಿಪೇರಿಗೆ ಕೊಡೋವಾಗ

ಡೇಟಾ ಬ್ಯಾಕಪ್ ತಗೊಳ್ಳಿ, ಸಿಮ್ಮು ಮೆಮೊರಿ ಕಾರ್ಡು ತೆಗೀರಿ. ಸಾಧ್ಯ ಇದ್ರೆ ಪೂರ್ತಿ ರೀಸೆಟ್ ಮಾಡಿ ಕೊಡಿ, ಆಗದಿದ್ರೆ ಈಚಿನ ಸ್ಯಾಮ್ಸಂಗ್ ಫೋನುಗಳಲ್ಲಿ ಮೆಂಟೆನೆನ್ಸ್ ಮೋಡು, ಪಿಕ್ಸೆಲ್‌ನಲ್ಲಿ ರಿಪೇರಿ ಮೋಡು ಇದೆ, ಅದನ್ನ ಆನ್ ಮಾಡಿದ್ರೆ ನಿಮ್ಮ ಫೋಟೋ, ಮೆಸೇಜು ರಿಪೇರಿ ಮಾಡೋರಿಗೆ ಕಾಣಲ್ಲ. ಸ್ಕ್ರೀನ್ ಲಾಕ್ ಪಿನ್ ಬರ್ದು ಕೊಡಿ ಅಂತ ಕೇಳೋ ಕಡೆ ಇದು ತುಂಬಾ ಮುಖ್ಯ, ಜನ ಇದನ್ನ ಹಗುರವಾಗಿ ತಗೊಳ್ತಾರೆ ಅನ್ನೋದೇ ನನಗೆ ಚಿಂತೆ.

ಜಾಬ್ ಶೀಟ್ ಓದ್ದೆ ಸಹಿ ಹಾಕ್ಬೇಡಿ. ತೊಂದರೆ ನೀವು ಹೇಳಿದ ಹಾಗೇ ಬರ್ದಿದಾರಾ, ಇಲ್ಲದ ಗೀರು, ತಗ್ಗು ಏನಾದ್ರೂ ಸೇರ್ಸಿದಾರಾ, ಚಾರ್ಜರ್ ಕೊಟ್ಟಿದ್ರೆ ಅದು ಬಂದಿದ್ಯಾ ನೋಡಿ. ಕೌಂಟರ್ ಮೇಲೆ ಇಟ್ಟಾಗಲೇ ಆರೂ ಕಡೆಯಿಂದ ಫೋಟೋ ತೆಗೀರಿ, ಸ್ಕ್ರೀನ್ ಆನ್ ಇರೋದೂ ಒಂದು.

ರೀಫಂಡ್ ಬರ್ಲಿಲ್ಲ ಅಂದ್ರೆ

"ನಾವು ಕಳ್ಸಿದೀವಿ, ಬ್ಯಾಂಕಲ್ಲಿ ಕೇಳಿ" ಅಂತ ಅವರು, "ನಮಗೆ ಬಂದಿಲ್ಲ" ಅಂತ ಬ್ಯಾಂಕು, ಈ ಮಧ್ಯೆ ಸಿಕ್ಕಾಕೊಂಡ್ರೆ ಕಾರ್ಡ್ ಪೇಮೆಂಟಿಗೆ ಎಆರ್‌ಎನ್ ಅನ್ನೋ 23 ಅಂಕೆಯ ನಂಬರ್ ಕೇಳಿ. ಕಾರ್ಡ್ ನೆಟ್‌ವರ್ಕ್ ಮೂಲಕ ನಿಜವಾಗಿ ಹೊರಟ ರೀಫಂಡ್‌ಗೆ ಇದು ಇರತ್ತೆ, ಅದನ್ನ ಕೊಟ್ರೆ ನಿಮ್ಮ ಬ್ಯಾಂಕು ಹುಡುಕಬಹುದು. ನಂಬರ್ ಕೊಡೋಕೇ ಆಗದಿದ್ರೆ ದುಡ್ಡು ಇನ್ನೂ ಹೊರಟೇ ಇಲ್ಲ ಅಂತ ಅನುಮಾನ ಪಡ್ಬಹುದು.

ಮಾರಿದವರು ಉತ್ತರನೇ ಕೊಡ್ತಿಲ್ಲ, ಸಾಮಾನೂ ಬಂದಿಲ್ಲ ಅಂದ್ರೆ ಕಾರ್ಡ್ ಕೊಟ್ಟ ಬ್ಯಾಂಕಿಗೆ ಹೋಗಿ ಚಾರ್ಜ್‌ಬ್ಯಾಕ್, ಅಂದ್ರೆ ಕಾರ್ಡಿಂದ ಹೋದ ದುಡ್ಡನ್ನ ಬ್ಯಾಂಕ್ ಮೂಲಕ ವಾಪಸ್ ತರ್ಸೋದು, ಕೇಳ್ಬಹುದು. ಇದಕ್ಕೆ ಗಡುವಿದೆ, ವೀಸಾ, ಮಾಸ್ಟರ್‌ಕಾರ್ಡ್ ನಿಯಮದಲ್ಲಿ ಎಷ್ಟೋ ಬಗೆಯ ದೂರಿಗೆ 120 ದಿನ, ನಿಮ್ಮ ಬ್ಯಾಂಕು ಇನ್ನೂ ಬೇಗ ಕೇಳ್ಬಹುದು, ಹಾಗಾಗಿ ಇವತ್ತು ನಾಳೆ ಅಂತ ಮಾರಿದವರು ಎಳೀತಿದ್ರೆ ಗಡುವು ಮುಗಿಯೋ ತನಕ ಕಾಯ್ಬೇಡಿ. ಬ್ಯಾಂಕಿನವರು ಕೇಳೋದು ನೀವು ಮೊದ್ಲು ಮಾರಿದವರನ್ನ ಸಂಪರ್ಕ ಮಾಡಿದ್ರಾ ಅಂತ, ಮೇಲೆ ಹೇಳಿದ ಇಮೇಲ್‌ಗಳೇ ಅಲ್ಲಿ ಸಾಕ್ಷಿ.

ಬದಲಿ ಸಿಕ್ಕಾಗ

ಬದಲಿ ಸಾಮಾನು ಬಂದ ದಿನ ಖುಷೀಲಿ ಎಲ್ಲಾ ಮರ್ತುಬಿಡ್ತೀವಿ, ಆದ್ರೆ ಆವತ್ತೂ ಕೆಲಸ ಇದೆ. ಹೊಸ ಸೀರಿಯಲ್ ನಂಬರ್ ಬೇರೆ ಇರತ್ತೆ, ಹಳೇ ಬಿಲ್ಲಿಗೆ ಅದು ಹೊಂದಲ್ಲ, ಹಾಗಾಗಿ ಈ ಸೀರಿಯಲ್ ಬದಲು ಈ ಸೀರಿಯಲ್ ಕೊಟ್ಟಿದೀವಿ ಅಂತ ಕಂಪನಿಯಿಂದ ಒಂದು ಇಮೇಲ್ ಅಥವಾ ಕಾಗದ ತಗೊಳ್ಳಿ. ಕೊಟ್ಟಿದ್ದು ಹೊಸದಾ ಅಥವಾ ರೀಫರ್ಬಿಶ್ಡಾ, ಅಂದ್ರೆ ವಾಪಸ್ ಬಂದಿದ್ದನ್ನ ಸರಿ ಮಾಡಿ ಕೊಟ್ಟಿದ್ದಾ ಅಂತ ಕೇಳಿ, ಎಷ್ಟೋ ಕಂಪನಿಗಳ ಷರತ್ತಲ್ಲಿ ರೀಫರ್ಬಿಶ್ಡ್ ಕೊಡಬಹುದು ಅಂತ ಇರತ್ತೆ. ವಾರಂಟಿ ಹಳೇದರ ಉಳಿದ ದಿನಕ್ಕೆ ಮಾತ್ರನಾ, ಹೊಸದಾಗಿ ಶುರು ಆಗತ್ತಾ ಅನ್ನೋದನ್ನೂ ಅದೇ ಕಾಗದದಲ್ಲಿ ಬರ್ಸಿ. ಹಳೇ ಫೋನೋ ಲ್ಯಾಪ್‌ಟಾಪೋ ವಾಪಸ್ ಕೊಟ್ಟಿದ್ರೆ ನಿಮ್ಮ ಅಕೌಂಟಿನ ಡಿವೈಸ್ ಲಿಸ್ಟಿಂದ ಅದನ್ನ ತೆಗ್ದುಬಿಡಿ, ಎಕ್ಸ್‌ಟೆಂಡೆಡ್ ವಾರಂಟಿ, ಇನ್ಶೂರೆನ್ಸ್ ತಗೊಂಡಿದ್ರೆ ಅಲ್ಲಿಗೂ ಹೊಸ ನಂಬರ್ ಕೊಟ್ಟು ಬದಲಾಯ್ಸಿ, ಅವರು ಬದಲಾಯಿಸಿದೀವಿ ಅಂತ ಕಳ್ಸಿದ ಮೆಸೇಜನ್ನ ಆ ಬಿಲ್ಲಿನ ಇಮೇಲ್ ಜೊತೆಗೇ ಇಟ್ಕೊಳ್ಳಿ.